ಅಕ್ಕನ ವಿಶ್ರಾಂತಿಗೆ ನಾನು ಮಾಡಿದ ಚೌಕಾಸಿ

ನಲವತ್ತೆರಡು ಸಾವಿರ ರೂಪಾಯಿ ಆಯಿತು. ಕೇಳಿದ್ದು ಐವತ್ತೈದು. ಚಿಕ್ಕಮಗಳೂರಿನ ಒಂದು ನರ್ಸಿಂಗ್ ಹೋಮಿನ ಕೌಂಟರಿನ ಮುಂದೆ ಅರ್ಧ ಗಂಟೆ ನಿಂತು, ರೂಮು ಬೇಡ ವಾರ್ಡೇ ಸಾಕು ಎಂದು, ಊಟ ನಮ್ಮದೇ ಎಂದು, ಪೂರ್ತಿ ಹಣ ಈಗಲೇ ಕೈಮೇಲೆ ಇಡುತ್ತೇನೆ ಎಂದು ಇಳಿಸಿದೆ. ನನ್ನ ಅಕ್ಕನ ಗರ್ಭಕೋಶ ತೆಗೆಸಿದ ಖರ್ಚು ಅದು. ಅದರಲ್ಲಿ ಗಡ್ಡೆ ಇರಲಿಲ್ಲ, ಕ್ಯಾನ್ಸರ್ ಇರಲಿಲ್ಲ. ಜಾರಿ ಕೆಳಗೆ ಇಳಿದಿತ್ತು, ಅಷ್ಟೇ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕಿಂತ ಎಷ್ಟೋ ಕಡಿಮೆಗೆ ಆಗುತ್ತಿತ್ತು. ಆದರೆ ಅಲ್ಲಿ ಸರದಿ ಕಾಯಬೇಕಿತ್ತು, ನಮಗೆ ಕಾಯುವಷ್ಟು ದಿನ ಇರಲಿಲ್ಲ. ಅಕ್ಕನ ಬಸುರಿ ಮಗಳಿಗೆ ಆಗ ಏಳು ತಿಂಗಳು ತುಂಬಿತ್ತು. ಚೊಚ್ಚಲು. ಬಾಣಂತನ ತವರಿನಲ್ಲಿ, ಅಂದರೆ ಅಕ್ಕನ ಕೈಯಲ್ಲಿ. ಅಷ್ಟರೊಳಗೆ ಅಕ್ಕ ಎದ್ದು ಓಡಾಡುವಂತಾಗಬೇಕು. ಅವಸರಕ್ಕೆ ಕಾರಣ ಅದು.

ನಾನು ಗೋಣಿಬೀಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದೇನೆ. ಸೀರೆ, ನೈಟಿ, ಒಳಲಂಗ, ಟವೆಲು, ಮಕ್ಕಳ ಬಟ್ಟೆ. ಅಂಗಡಿ ಆಗುವ ಮೊದಲು ಹತ್ತು ವರ್ಷ ಗಂಟು ಹೊತ್ತಿದ್ದೇನೆ. ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗಿ ಎಸ್ಟೇಟಿನ ಆಳುಗಳ ಲೈನ್ ಮನೆಗಳ ಮುಂದೆ ಗಂಟು ಬಿಚ್ಚುವುದು, ಹೆಂಗಸರು ಕೆಲಸಕ್ಕೆ ಹೊರಡುವ ಮೊದಲು ಸೀರೆ ಹರವಿ ಮಾತು ಮುಗಿಸುವುದು. ಓದಿದ್ದು ಏಳನೇ ಕ್ಲಾಸು. ಯಾರಾದರೂ ಒಂದು ಬೆಲೆ ಹೇಳಿದರೆ ಅದರಲ್ಲಿ ಗಾಳಿ ಎಷ್ಟಿದೆ, ಗಟ್ಟಿ ಎಷ್ಟಿದೆ ಎಂದು ಮುಖ ನೋಡಿದರೇ ನನಗೆ ತಿಳಿಯುತ್ತದೆ. ಆ ಬುದ್ಧಿಯಿಂದಲೇ ಸೈಟು ಕೊಂಡೆ, ಮನೆ ಕಟ್ಟಿದೆ, ನಾಲ್ಕು ಜನಕ್ಕೆ ಬುದ್ಧಿ ಹೇಳುವ ಹೆಂಗಸಾದೆ. ಈಗಲೂ ಸೀರೆ ಕೊಳ್ಳಲು ಬಂದವರು ಮಗಳ ಮದುವೆ ಮಾತು, ಜಾಗದ ಮಾತು, ಸೊಸೆಯ ಮಾತು ಎಲ್ಲ ನನ್ನ ಮುಂದೆ ಇಟ್ಟು ಹೋಗುತ್ತಾರೆ.

ಆದರೆ ಒಂದು ಮಾತನ್ನು ಯಾರೂ ಇಡಲಿಲ್ಲ. ಇಡದಿದ್ದರೂ ನನ್ನ ಮಾಲು ನನಗೆ ಅದನ್ನು ಹೇಳುತ್ತಲೇ ಇತ್ತು.

ಕಾಫಿ ಹಣ್ಣಿನ ಕೊಯ್ಲು ಶುರುವಾಗುವ ಮುಂಚೆ ಹೆಂಗಸರು ಬಂದು ಒಳಲಂಗ ಕೇಳುತ್ತಾರೆ. ಸೀರೆಗೆ ಹೊಂದುವ ಬಣ್ಣ ಹುಡುಕುವವರು ಹುಡುಗಿಯರು. ಎರಡು ಮೂರು ಹೆತ್ತವರು ಕೇಳುವುದು ಕಪ್ಪು, ಇಲ್ಲವೇ ಕಡು ಮರೂನು, ದಪ್ಪ ಕಾಟನ್ನಿನದು. ಒಂದಲ್ಲ, ಮೂರು ನಾಲ್ಕು. ಒಂದರ ಮೇಲೊಂದು ಉಡುತ್ತಾರೆ. ಚಳಿಗೆ ಎನ್ನುತ್ತಾರೆ. ಡಿಸೆಂಬರಿನ ಬೆಳಗಿನ ಚಳಿ ನನಗೂ ಗೊತ್ತು, ನಂಬಿದೆ. ಜೊತೆಗೆ, “ಡ್ಯಾಮೇಜ್ ಟವೆಲ್ ಇದ್ರೆ ಇಡಿ ಅಕ್ಕಾ, ಮನೇಲಿ ಒರ್ಸಕ್ಕೆ” ಎನ್ನುತ್ತಾರೆ. ಅಷ್ಟೊಂದು ಟವೆಲಿನಲ್ಲಿ ಏನು ಒರೆಸುತ್ತೀರಿ ಎಂದು ನಾನು ಕೇಳಲಿಲ್ಲ. ಯಾವ ಮಾಲು ಓಡುತ್ತದೆ ಎನ್ನುವುದು ವ್ಯಾಪಾರಿಗೆ ಗೊತ್ತಿದ್ದರೆ ಸಾಕು, ಯಾಕೆ ಓಡುತ್ತದೆ ಎನ್ನುವುದು ಬೇಕಾಗಿಲ್ಲ. ಸೆಪ್ಟೆಂಬರಿನಲ್ಲೇ ಕಪ್ಪು ಲಂಗದ ಬಂಡಲು ತರಿಸಿ ಇಡುತ್ತಿದ್ದೆ. ಒಂದು ವರ್ಷವೂ ಉಳಿದದ್ದಿಲ್ಲ.

ಗೊತ್ತೇ ಇರಲಿಲ್ಲ ಎಂದರೆ ಸುಳ್ಳು. ನನಗೂ ಇತ್ತಲ್ಲ. ಎರಡನೇ ಹೆರಿಗೆಯ ನಂತರ ಕೆಮ್ಮಿದರೆ, ಸೀನಿದರೆ, ಗಂಟನ್ನು ತಲೆಗೆ ಏರಿಸುವಾಗ ನಾಲ್ಕು ಹನಿ ಹೋಗುತ್ತಿತ್ತು. ಒಂದಕ್ಕೆ ಹೋಗಬೇಕೆನಿಸಿದರೆ ಆ ಕ್ಷಣವೇ ಹೋಗಬೇಕು. ಎಸ್ಟೇಟಿನ ದಾರಿಯಲ್ಲಿ ಮರೆಗೆ ಗಿಡವಾದರೂ ಇದೆ, ಬಸ್ಸಿನಲ್ಲಿ ಏನಿದೆ? ಹಾಗಾಗಿ ಬಸ್ಸಿನ ದಿನ ನೀರೇ ಕುಡಿಯುತ್ತಿರಲಿಲ್ಲ. ಕೊಯ್ಲಿಗೆ ಹೋಗುವ ಹೆಂಗಸರೂ ಹಾಗೇ, ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದರೆ ಮತ್ತೆ ಸಂಜೆ ತೂಕ ಮುಗಿಯುವವರೆಗೆ ಗಂಟಲಿಗೆ ನೀರು ಇಳಿಸುವುದಿಲ್ಲ. ನನ್ನ ಗಲ್ಲಾದ ಹಿಂದಿನ ಕುರ್ಚಿಯ ಮೇಲೆ ಮಡಿಸಿದ ಟವೆಲು ಇರುತ್ತಿತ್ತು. ಮೆತ್ತಗಿರಲಿ ಅಂತ ಎನ್ನುತ್ತಿದ್ದೆ. ಅವರು ಚಳಿಗೆ ಎಂದರು, ನಾನು ಮೆತ್ತಗೆ ಎಂದೆ. ಹೆತ್ತ ಮೈ ಇರುವುದೇ ಹೀಗೆ ಎಂದು ಎಲ್ಲರೂ ಒಪ್ಪಿಕೊಂಡಿದ್ದೆವು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆದರೆ ಅವಳ ಮನೆ. ಎರಡು ಎಕರೆ ಕಾಫಿ, ಅದರ ಮೇಲೆ ಹಬ್ಬಿಸಿದ ಮೆಣಸು. ಆಳು ಇಡುವಷ್ಟು ತೋಟವಲ್ಲ, ಆಳಿಲ್ಲದೆ ಮುಗಿಯುವಷ್ಟು ಚಿಕ್ಕದೂ ಅಲ್ಲ. ಭಾವ ಕೊಯ್ದರೆ ಅಕ್ಕ ಮೂಟೆಯನ್ನು ತಲೆಯ ಮೇಲೆ ಕಣಕ್ಕೆ ತರುತ್ತಿದ್ದಳು. ಮೊದಲ ಹೆರಿಗೆಯಲ್ಲಿ ಎರಡು ದಿನ ನೋವು ತಿಂದಿದ್ದಳು, ಕೂಸು ಉಳಿಯಲಿಲ್ಲ. ಅದಾಗಿ ಹದಿನೈದನೇ ದಿನಕ್ಕೆ ದನಕ್ಕೆ ಹುಲ್ಲು ಹೊತ್ತಿದ್ದಳು, ಕೂಸೇ ಇಲ್ಲದ ಮೇಲೆ ಯಾರ ಬಾಣಂತನ ಎಂದು. ಆಮೇಲೆ ಹುಟ್ಟಿದವಳು ಈ ಒಬ್ಬಳೇ ಮಗಳು.

ಆ ಮಗಳ ಸೀಮಂತಕ್ಕೆ ಸೀರೆ ತೆಗೆಯಲು ಅಕ್ಕ ಅಂಗಡಿಗೆ ಬಂದಳು. ಬಂದವಳು ಕೂರಲಿಲ್ಲ.

“ಕೂತ್ಕೊಳೇ ಅಕ್ಕ, ಕಾಲು ನೋಯಲ್ವ?”

“ಬಸ್ಸಲ್ಲಿ ಕೂತು ಕೂತು ಸಾಕಾಯ್ತು.”

ಬಸ್ಸಿನಲ್ಲಿ ಅವಳು ಕೂತಿರಲಿಲ್ಲ. ಅಷ್ಟೂ ತಿರುವುಗಳಲ್ಲಿ ಕಂಬಿ ಹಿಡಿದು ನಿಂತೇ ಬಂದಿದ್ದಳು. ಅದು ನನಗೆ ಆಮೇಲೆ ತಿಳಿಯಿತು. ಹಸಿರು ಸೀರೆ ಆರಿಸಿದಳು, ಕುಪ್ಪಸದ ಬಟ್ಟೆ ಆರಿಸಿದಳು. ಕಟ್ಟುವಾಗ ಮೆಲ್ಲಗೆ ಹೇಳಿದಳು.

“ಕಪ್ಪು ಲಂಗ ನಾಲ್ಕು ಹಾಕೇ.”

“ನಾಲ್ಕಾ? ಕಳಸದಲ್ಲಿ ಅಂಗಡಿ ಇಡ್ತೀಯ ಎಂಥ?”

ಅಕ್ಕ ನಗಲಿಲ್ಲ. ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ.

“ಕೆಳಗೆ ಬಂದಿದೆ ಕಣೇ.”

“ಎಂಥದು ಕೆಳಗೆ ಬಂದಿದೆ?”

“ಒಳಗಿಂದು. ಮೊದ್ಲು ನಿಂಬೆಹಣ್ಣಿನಷ್ಟಿತ್ತು. ಈಗ ಜಾಸ್ತಿ ಆಗಿದೆ. ಬೆಳಿಗ್ಗೆ ಒಳಗಿರುತ್ತೆ. ಮೂಟೆ ಹೊತ್ರೆ ಹೊರಗೆ ಬರುತ್ತೆ. ಬಟ್ಟೆ ಮಡಚಿ ಬಿಗಿಯಾಗಿ ಕಟ್ಕೊಂಡಿರ್ತೀನಿ. ಕೂತ್ರೆ ಕಷ್ಟ.”

“ಎಷ್ಟು ದಿನದಿಂದ?”

“ದಿನ ಎಲ್ಲಿ ಬಂತು. ಮಗಳು ಹೈಸ್ಕೂಲಲ್ಲಿದ್ಲು.”

ಆ ಮಗಳ ಸೀಮಂತದ ಸೀರೆ ನನ್ನ ಕೈಯಲ್ಲಿತ್ತು.

“ಭಾವಂಗೆ ಗೊತ್ತಾ?”

“ಗೊತ್ತಿಲ್ದೆ ಇರುತ್ತಾ. ಗೊತ್ತಿಲ್ದಂಗೆ ಇದಾರೆ. ನಂಗೂ ಅದೇ ಸುಖ.” ಆಮೇಲೆ ಅವಳಿಗೆ ನಿಜವಾಗಿ ಹೇಳಬೇಕಾಗಿದ್ದನ್ನು ಹೇಳಿದಳು. “ನಂಗೆ ಹೇಗಾದ್ರೂ ಆಗ್ಲಿ. ಬಾಣಂತನ ಒಂದು ಸರಿಯಾಗಿ ಮಾಡ್ಬೇಕು. ನಂಗೆ ಯಾರೂ ಮಾಡ್ಲಿಲ್ಲ. ಅವ್ಳಿಗೆ ನಾನೇ ನೀರು ಹಾಕ್ಬೇಕು.”

ಮುಂದಿನ ವಾರವೇ ಅವಳನ್ನೂ ಭಾವನನ್ನೂ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮನ ಕೋಣೆಯ ಹೊರಗೆ ಬೆಂಚು ತುಂಬಿತ್ತು. ಯಾರನ್ನು ಕೇಳಿದರೂ ಬೆನ್ನುನೋವು. ಬಾಳೆಹೊನ್ನೂರಿನಿಂದ ಬಂದವರದ್ದೂ ಬೆನ್ನುನೋವು, ಆಲ್ದೂರಿನವರದ್ದೂ ಬೆನ್ನುನೋವು. ಪಕ್ಕದಲ್ಲಿದ್ದ ಅಜ್ಜಿ ನನ್ನನ್ನು ಕೇಳಿದಳು, “ನಿಮ್ಗೆ ಎಂಥದಮ್ಮ?” ನಾನೂ ಹೇಳಿದೆ, ಅಕ್ಕನಿಗೆ ಬೆನ್ನುನೋವು ಎಂದು. ಅಜ್ಜಿ ತಲೆಯಾಡಿಸಿ, “ನಂದೂ ಅದೇ ಬೆನ್ನು. ಕೂರಕ್ಕಾಗಲ್ಲ, ನಡ್ಯಕ್ಕಾಗಲ್ಲ, ಕೆಮ್ಮಕ್ಕಾಗಲ್ಲ” ಎಂದಳು. ಅವಳ ಸೊಸೆ ಮುಖ ಆ ಕಡೆ ತಿರುಗಿಸಿ ನಕ್ಕಳು. ಆ ಬೆಂಚಿನ ಮೇಲೆ ಒಂದೇ ಕಾಯಿಲೆ ಒಂದೇ ಸುಳ್ಳನ್ನು ಹೊದ್ದು ಸಾಲಾಗಿ ಕೂತಿತ್ತು.

ಡಾಕ್ಟರಮ್ಮ ಪರೀಕ್ಷೆ ಮಾಡಿ ಬಂದು ಕೈ ತೊಳೆದುಕೊಂಡು ಕೂತರು. ದೊಡ್ಡ ಮಾತು ಆಡಲಿಲ್ಲ.

“ಸೊಂಟದ ಅಡೀಲಿ ಸ್ನಾಯುಗಳು ಜೋಲಿ ಥರ ಇರ್ತವೆ. ಗರ್ಭಕೋಶ, ಮೂತ್ರಚೀಲ ಎಲ್ಲ ಆ ಜೋಲಿ ಮೇಲೆ ಕೂತಿರುತ್ತೆ. ಕಷ್ಟದ ಹೆರಿಗೆ, ಭಾರ ಎತ್ತೋದು, ಹಳೇ ಕೆಮ್ಮು, ಮಲಬದ್ಧತೆ, ವಯಸ್ಸು, ಎಲ್ಲ ಸೇರಿ ಜೋಲಿ ಸಡಿಲ ಆಗುತ್ತೆ. ಒಬ್ಬರಿಗೆ ಮೂತ್ರ ಸೋರುತ್ತೆ, ಒಬ್ಬರಿಗೆ ಹೀಗೆ ಜಾರುತ್ತೆ.”

“ಇದು ತುಂಬ ಜನಕ್ಕೆ ಇರುತ್ತಾ ಡಾಕ್ಟ್ರೆ?” ಅಕ್ಕ ಕೇಳಿದ್ದು ಅದೊಂದೇ ಪ್ರಶ್ನೆ.

“ನಾನು ದಿನಾ ನೋಡ್ತೀನಮ್ಮ. ಅದೂ ಬರೋರನ್ನ ಮಾತ್ರ. ಬರದೇ ಮನೇಲಿ ಕೂತಿರೋರು ಎಷ್ಟೋ.”

ಅಕ್ಕನ ಹೆಗಲು ಸ್ವಲ್ಪ ಇಳಿಯಿತು. ಇಷ್ಟು ವರ್ಷ ತನಗೊಬ್ಬಳಿಗೇ ಯಾವುದೋ ಶಾಪ ಎಂದುಕೊಂಡಿದ್ದಳು.

ಡಾಕ್ಟರಮ್ಮ ಎರಡು ದಾರಿ ಹೇಳಿದರು. ಒಂದು, ರಬ್ಬರಿನ ಹಾಗಿರುವ ಒಂದು ರಿಂಗು. ಅದನ್ನು ಒಳಗೆ ಕೂರಿಸಿದರೆ ಜಾರಿದ್ದನ್ನು ಎತ್ತಿ ಹಿಡಿಯುತ್ತದೆ. ಆಗಾಗ ಬಂದು ತೊಳೆಸಿಕೊಂಡು ಹೋಗಬೇಕು. “ಅದನ್ನ ಹಾಕ್ಕೊಂಡು ಬಾಣಂತನ ಮುಗಿಸಿ. ಆಮೇಲೆ ನಿಧಾನಕ್ಕೆ ಆಪರೇಷನ್ ಯೋಚನೆ ಮಾಡಿ.” ಇನ್ನೊಂದು, ಈಗಲೇ ಆಪರೇಷನ್. “ಆದ್ರೆ ಮೂರು ತಿಂಗಳು ಭಾರ ಎತ್ತಂಗಿಲ್ಲ. ತುಂಬಿದ ಕೊಡ ಕೂಡ ಎತ್ತಂಗಿಲ್ಲ. ಬಾಣಂತನಕ್ಕೆ ಬೇರೆ ಯಾರನ್ನಾದ್ರೂ ಇಟ್ಕೋಬೇಕು. ಎಲ್ಲ ಸರಿಯಾಗಿ ಮಾಡಿದ್ರೂ ಕೆಲವರಿಗೆ ಮತ್ತೆ ಜಾರುತ್ತೆ, ಅದನ್ನೂ ಹೇಳ್ಬಿಡ್ತೀನಿ.”

ಕೊನೆಯ ಮಾತನ್ನು ನಾನು ಕೇಳಿಸಿಕೊಂಡ ರೀತಿ ಹೇಳುತ್ತೇನೆ. ನನ್ನ ಬಿಲ್ಲಿನ ಕೆಳಗೆ ಬಣ್ಣಕ್ಕೆ ಗ್ಯಾರಂಟಿ ಇಲ್ಲ ಎಂದು ಅಚ್ಚು ಹಾಕಿಸಿದ್ದೇನೆ. ಬಣ್ಣ ಹೋಗುತ್ತದೆ ಎಂದು ಅದರ ಅರ್ಥವಲ್ಲ, ನಾಳೆ ಯಾರೂ ಜಗಳಕ್ಕೆ ಬರದಿರಲಿ ಎಂದು. ಡಾಕ್ಟರಮ್ಮನದ್ದೂ ಅಂಥದ್ದೇ ಎಂದುಕೊಂಡೆ. ರಿಂಗು ನನಗೆ ಬಾಡಿಗೆ ಮನೆಯಂತೆ ಕಂಡಿತು. ತಿಂಗಳು ತಿಂಗಳೂ ಕೊಟ್ಟುಕೊಂಡು ಇರುವುದು, ಕೊನೆಗೂ ನಮ್ಮದಲ್ಲ. ಆಪರೇಷನ್ ಎಂದರೆ ಒಂದೇ ಸಲ ಕೊಟ್ಟು ಸ್ವಂತಕ್ಕೆ ಕೊಂಡ ಹಾಗೆ.

ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆವು. ಭಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು, ಮುಖದಲ್ಲಿ ಬೆವರಿರಲಿಲ್ಲ.

“ನಿಂಗೆ ತಿಳಿದಂಗೆ ಮಾಡು ಮಾರಾಯ್ತಿ,” ಎಂದರು. “ನಮ್ಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ.”

ಅಕ್ಕ ನನ್ನ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು. “ಮೂರು ತಿಂಗ್ಳು ಅಂದ್ರಲ್ಲೇ. ಅಷ್ಟರಲ್ಲಿ ಕೂಸು ಹುಟ್ಟಿ ನಲವತ್ತು ದಿನ ಮುಗಿಯೋಕೆ ಬಂದಿರುತ್ತೆ. ರಿಂಗೇ ಹಾಕ್ಸಿದ್ರೆ?”

“ಸುಮ್ನಿರೇ ಅಕ್ಕ,” ಎಂದೆ ನಾನು. “ಡಾಕ್ಟ್ರು ಯಾವತ್ತೂ ಜಾಸ್ತೀನೇ ಹೇಳೋದು. ಮೂರು ಅಂದ್ರೆ ಜನ ಒಂದೂವರೆ ಆದ್ರೂ ಕೂರ್ತಾರೆ ಅಂತ. ಒಂದೂವರೆ ಅಂದ್ರೆ ನಾವು ಹದಿನೈದು ದಿನಕ್ಕೆ ಎದ್ದು ಕುಣೀತೀವಿ. ಅದು ಅವ್ರಿಗೂ ಗೊತ್ತು. ನೀನು ಆರು ವಾರ ಕೂತ್ಕೊ, ಸಾಕು.”

ಆಮೇಲೆ ಕೌಂಟರಿನಲ್ಲಿ ಐವತ್ತೈದು ನಲವತ್ತೆರಡಾಗಿದ್ದನ್ನು ಅವಳು ಕಣ್ಣಾರೆ ನೋಡಿದಳು. ದಿನಗಳೂ ಹಾಗೇ ಇಳಿಯುತ್ತವೆ ಎಂದು ನನ್ನನ್ನು ನಂಬಿದಳು. ಕೌಂಟರಿನ ಹುಡುಗಿ ಹೇಳಿದ ಬೆಲೆಯಲ್ಲಿ ಗಾಳಿ ಇತ್ತು. ಡಾಕ್ಟರಮ್ಮ ಹೇಳಿದ ಮೂರು ತಿಂಗಳಲ್ಲಿ ಇರಲಿಲ್ಲ. ಈ ಎರಡು ಬೇರೆ ಬೇರೆ ಎಂದು ತಿಳಿಯುವಷ್ಟು ಬುದ್ಧಿ ನನಗೆ, ಇಷ್ಟು ವರ್ಷ ವ್ಯಾಪಾರ ಮಾಡಿದವಳಿಗೆ, ಇರಬೇಕಿತ್ತು.

ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೇ ದಿನ ಮನೆಗೆ ಬಂದಳು. ಮೊದಲ ತಿಂಗಳು ಅವಳು ಕೂತಲ್ಲೇ ಕೂತಿದ್ದಳು. ಫೋನಿನಲ್ಲಿ ದನಿ ಹಗುರಾಗಿತ್ತು. “ಕೂತು ಊಟ ಮಾಡಿದೆ ಕಣೇ, ಚಕ್ಕಳಮಕ್ಕಳ ಹಾಕ್ಕೊಂಡು,” ಎಂದಳು. ಅದನ್ನೊಂದು ಸುದ್ದಿಯಾಗಿ ಹೇಳಿದಳು. ನಾನು ಅಂಗಡಿಗೆ ಬಂದವರಿಗೆಲ್ಲ ಅಕ್ಕನ ಬೆನ್ನುನೋವು ವಾಸಿಯಾಯಿತು ಎಂದೆ.

ಇತ್ತ ಬಾಣಂತನಕ್ಕೆ ಒಬ್ಬ ಹೆಂಗಸನ್ನು ಹುಡುಕಲು ಹೊರಟೆ. ಆರು ವಾರ ಸಾಕು ಎಂದಿದ್ದೆನಾದರೂ ಜೊತೆಗೊಬ್ಬರಿರಲಿ ಎಂದು. ಅಷ್ಟರಲ್ಲಿ ಅರೇಬಿಕಾ ಹಣ್ಣಾಗಿತ್ತು. ಎಸ್ಟೇಟಿಗೆ ಜನ ಒದಗಿಸುವ ಪರಿಚಯದ ಮೇಸ್ತ್ರಿಗೆ ಫೋನ್ ಮಾಡಿದೆ.

“ಕೊಯ್ಲಲ್ಲಿ ಹೆಂಗಸ್ರು ಎಲ್ಲಿ ಸಿಗ್ತಾರೆ ಅಕ್ಕಾ? ಕೆ.ಜಿ. ಲೆಕ್ಕದಲ್ಲಿ ಕೊಯ್ಯೋರು ನೀವು ಕೊಡೋ ದಿನಗೂಲೀನ ಮಧ್ಯಾಹ್ನದೊಳಗೆ ಮಾಡ್ಕೋತಾರೆ.”

“ಎರಡರಷ್ಟು ಕೊಡ್ತೀನಿ.”

“ಮೂರರಷ್ಟು ಕೊಟ್ರೂ ಇಲ್ಲ. ಬಂದೋರು ನಾಳೆ ಹೋಗ್ಬಿಡ್ತಾರೆ. ಬಾಣಂತನಾನ ಮಾರ್ಚಿಗೆ ಹಾಕ್ಕೊಳಿ ಅಕ್ಕಾ, ಆವಾಗ ಸಾಲಾಗಿ ನಿಲ್ಲುಸ್ತೀನಿ.”

ನಾನು ನಕ್ಕೆ. ನಕ್ಕು ಫೋನ್ ಇಟ್ಟ ಮೇಲೆ ಮೊದಲ ಸಲ ಭಯವಾಯಿತು. ದುಡ್ಡು ಕೊಡುತ್ತೇನೆ ಎಂದರೂ ಸಿಗದ್ದು ನನ್ನ ಜೀವನದಲ್ಲಿ ಅಷ್ಟಾಗಿ ಇರಲಿಲ್ಲ.

ಆಪರೇಷನ್ ಆಗಿ ಏಳನೇ ವಾರಕ್ಕೆ, ಲೆಕ್ಕಕ್ಕಿಂತ ಹತ್ತು ದಿನ ಮೊದಲೇ, ಹೆಣ್ಣು ಕೂಸು ಹುಟ್ಟಿತು. ತಾಯಿ ಮಗು ಮನೆಗೆ ಬಂದ ಮೇಲೆ ನಾನು ಐದು ದಿನ ಹೋಗಿ ಇದ್ದೆ. ನೀರು ನಾನೇ ಹೊತ್ತೆ. ಅಕ್ಕನನ್ನು ಬಚ್ಚಲ ಬಾಗಿಲಲ್ಲಿ ಮಣೆ ಹಾಕಿ ಕೂರಿಸಿ ಚೆಂಬಿನಲ್ಲಿ ನೀರು ಹಾಕು ಎಂದೆ. ಆರನೇ ದಿನ ಹೊರಟುಬಿಟ್ಟೆ. ಕೊಯ್ಲಿನ ಬಟವಾಡೆಯ ವಾರಗಳಲ್ಲಿ ಅಂಗಡಿ ಮುಚ್ಚಿದರೆ ವರ್ಷವನ್ನೇ ಬಿಟ್ಟ ಹಾಗೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು. ಆ ನಿಜವನ್ನು ಹಿಡಿದುಕೊಂಡು ಈಗ ಏನು ಮಾಡಲಿ?

ಮತ್ತೆ ಹೋದದ್ದು ಮುಂದಿನ ಸೋಮವಾರ. ಹನ್ನೊಂದು ಗಂಟೆ ಇರಬಹುದು. ಅಂಗಳದ ಕೆಳಗಿನ ತೊಟ್ಟಿಯಿಂದ ಅಕ್ಕ ಮೇಲೆ ಬರುತ್ತಿದ್ದಳು, ಸೊಂಟದ ಮೇಲೆ ತುಂಬಿದ ಕೊಡ. ಬೆಳಿಗ್ಗೆ ಭಾವ ಹಂಡೆ ತುಂಬಿ ತೋಟಕ್ಕೆ ಹೋಗುತ್ತಿದ್ದರು. ಬಾಣಂತಿಯ ನೀರು, ಕೂಸಿನ ನೀರು, ಬಟ್ಟೆಯ ನೀರು ಎಂದು ಆ ಹೊತ್ತಿಗೆ ಹಂಡೆ ಖಾಲಿ. ಕೊಯ್ಲು ಬಿಟ್ಟು ಬನ್ನಿ ಎಂದು ಗಂಡನನ್ನು ಕೂಗುವ ಅಭ್ಯಾಸ ಅಕ್ಕನಿಗೆ ಇಲ್ಲ.

“ಇಳ್ಸೇ ಅಕ್ಕ. ಇಳ್ಸು ಅದನ್ನ. ಎಷ್ಟು ವಾರ ಆಯ್ತು?”

“ಎಂಟು,” ಎಂದಳು, ನಿಲ್ಲದೆ ಮೆಟ್ಟಿಲು ಹತ್ತುತ್ತ. “ನಿನ್ನ ಲೆಕ್ಕದಲ್ಲಿ ಆರಕ್ಕೇ ಮುಗೀತಲ್ಲ.”

ಅದರಲ್ಲಿ ಕುಹಕವಿರಲಿಲ್ಲ. ನಾನು ಕೊಟ್ಟ ಲೆಕ್ಕ ನನಗೇ ಮರೆತುಹೋಯಿತೇನೋ ಎಂದು ನೆನಪಿಸಿದಳು. ಆಗಲಾದರೂ ಡಾಕ್ಟರಮ್ಮ ಹೇಳಿದ್ದೇ ಸರಿ, ನಾನು ಹೇಳಿದ್ದು ತಪ್ಪು, ಕೂತುಕೋ ಎಂದು ಹೇಳಬಹುದಿತ್ತು. ಒಳಗೆ ಕೂಸು ಅಳುತ್ತಿತ್ತು, ಬಾಣಂತಿ ಎಣ್ಣೆ ಹಚ್ಚಿಕೊಂಡು ಕಾಯುತ್ತಿದ್ದಳು, ನನಗೆ ನಾಲ್ಕು ಗಂಟೆಯ ಬಸ್ಸು. “ಅರ್ಧ ಕೊಡ ಹೊರೇ,” ಎಂದೆ. ಆಗಲೂ ನನ್ನ ಬಾಯಿಂದ ಬಂದದ್ದು ಚೌಕಾಸಿಯೇ.

ಅಂದು ಅವಳು ಮಗಳಿಗೆ ನೀರು ಹಾಕಿದ್ದನ್ನು ನೋಡಿದೆ. ಹೊಗೆ ತುಂಬಿದ ಬಚ್ಚಲಲ್ಲಿ ಸೆರಗು ಸಿಕ್ಕಿಸಿ ನಿಂತು, ಚೆಂಬಿನ ಮೇಲೆ ಚೆಂಬು, ಬೆನ್ನಿಗೆ, ಸೊಂಟಕ್ಕೆ. ಮಗಳು “ಸಾಕಮ್ಮ, ಸುಡುತ್ತೆ” ಎಂದರೆ “ಸುಟ್ರೇ ನಾಳೆ ಗಟ್ಟಿ” ಎನ್ನುತ್ತಿದ್ದಳು. ಅಕ್ಕನ ಮುಖ ಅಷ್ಟು ತೃಪ್ತಿಯಿಂದ ಇದ್ದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ಶಿವರಾತ್ರಿ ಕಳೆದ ಮೇಲೆ ಫೋನ್ ಬಂತು. ಮಗಳು ಗಂಡನ ಮನೆಗೆ ಹೋಗಿ ಮೂರು ದಿನವಾಗಿತ್ತು. ಅದುವರೆಗೆ ಅಕ್ಕ ಬಾಯಿ ಬಿಟ್ಟಿರಲಿಲ್ಲ.

“ಮತ್ತೆ ಬಂತು ಕಣೇ.”

“ಎಂಥ ಮತ್ತೆ ಬರೋದು, ತೆಗೆಸಿದ್ದೀವಲ್ಲ?”

“ನಂಗೇನು ಗೊತ್ತು. ಬಂತು.”

ಮತ್ತೆ ಅದೇ ಬೆಂಚು. ಗರ್ಭಕೋಶ ತೆಗೆದ ಜಾಗದ ಮೇಲ್ಭಾಗವೇ ಈಗ ಕುಸಿದು ಇಳಿದಿದೆ, ಮೂತ್ರಚೀಲವನ್ನೂ ಎಳೆದುಕೊಂಡಿದೆ ಎಂದು ಡಾಕ್ಟರಮ್ಮ ಹೇಳಿದರು. ಅವರು ಬೈಯಲಿಲ್ಲ. ಕೊಡ ಹೊತ್ತದ್ದರಿಂದಲೇ ಹೀಗಾಯಿತೇ ಎಂದು ನಾನು ಮೂರು ಸಲ ಕೇಳಿದೆ. “ಹೊತ್ತಿದ್ದು ಒಳ್ಳೇದಾಗ್ಲಿಲ್ಲ. ಆದ್ರೆ ಹೊರದೇ ಇದ್ರೂ ಕೆಲವರಿಗೆ ಆಗುತ್ತೆ. ನಿಮ್ಮ ಅಕ್ಕಂಗೆ ಯಾವುದರಿಂದ ಅಂತ ನಾನು ಹೇಳಕ್ಕಾಗಲ್ಲ,” ಎಂದರು. ತಪ್ಪು ನನ್ನದೇ ಎಂದಿದ್ದರೆ ಹೊತ್ತುಕೊಳ್ಳುತ್ತಿದ್ದೆ, ಅಲ್ಲ ಎಂದಿದ್ದರೆ ಇಳಿಸಿಬಿಡುತ್ತಿದ್ದೆ. ಅವರು ಎರಡನ್ನೂ ಕೊಡಲಿಲ್ಲ.

ಈ ಸಲ ರಿಂಗು ಹಾಕಿದರು. ಮೊದಲು ಹಾಕಿದ್ದು ಕಳಸ ತಲುಪುವುದರೊಳಗೆ ಜಾರಿತು. ಅದಕ್ಕಿಂತ ದೊಡ್ಡದು ಹಾಕಿದರು, ಕಕ್ಕಸಿಗೆ ಕುಕ್ಕರಗಾಲಿನಲ್ಲಿ ಕೂತಾಗ ಬಿದ್ದುಹೋಯಿತು. ಇನ್ನೊಂದು ಆಪರೇಷನ್ ಇದೆ, ಮೊದಲಿನದಕ್ಕಿಂತ ದೊಡ್ಡದು, ಮಂಗಳೂರಿಗೆ ಹೋಗಬೇಕು. ನಾನು ಎಲ್ಲ ವಿಚಾರಿಸಿಕೊಂಡು ಬಂದೆ. ದುಡ್ಡು ಪೂರ್ತಿ ನನ್ನದು, ಮೂರು ತಿಂಗಳಲ್ಲ ಆರು ತಿಂಗಳು ನನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ, ನಿನ್ನ ಕೈಗೆ ಒಂದು ಲೋಟವನ್ನೂ ಕೊಡುವುದಿಲ್ಲ ಎಂದೆ.

ಅಕ್ಕ ನಿಧಾನವಾಗಿ ಕೇಳಿಸಿಕೊಂಡಳು. ಮೆಣಸು ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

“ಬೇಡ ಕಣೇ ತಂಗಿ. ಒಂದ್ಸಲ ಕೊಯ್ಸಿಕೊಂಡಾಯ್ತು. ಬಾಣಂತನ ಮುಗೀತಲ್ಲ, ನಂಗೆ ಅಷ್ಟು ಸಾಕು.”

“ಹಾಗಂದ್ರೆ ಹೇಗೇ? ಇಡೀ ಜೀವಮಾನ ಬಟ್ಟೆ ಕಟ್ಕೊಂಡು ಇರ್ತೀಯ?”

“ಇಷ್ಟು ದಿನ ಇರ್ಲಿಲ್ವ. ನೀನು ಹೇಳಿದ್ದು ಕೇಳಿದ್ದೂ ಆಯ್ತಲ್ಲ. ಇನ್ನು ನಂದು ನಂಗೆ ಬಿಡು.”

ಯಾವ ಗಿರಾಕಿಯೂ ಎದ್ದು ಹೋಗದ ಹಾಗೆ ಮಾತಾಡಬಲ್ಲೆ ಎಂದು ನನಗೆ ಹೆಮ್ಮೆ. ಅಂದು ಎದ್ದು ಹೊರಟವಳು ನಾನೇ. ಅದಾದ ಮೇಲೂ ನಾಲ್ಕೈದು ಸಲ ಹೋಗಿ ಕೂತಿದ್ದೇನೆ. ಮಾತು ಆ ಕಡೆ ತಿರುಗಿತು ಎಂದರೆ ಸಾಕು, ಅವಳು ಕಾಫಿ ಮಾಡಲು ಎದ್ದು ಹೋಗುತ್ತಾಳೆ. ಬಸ್ಸು ಹತ್ತುವುದನ್ನು ಬಿಟ್ಟಿದ್ದಾಳೆ. ಮೊಮ್ಮಗಳ ಮನೆ ಮೂಡಿಗೆರೆಯ ಆಚೆ, ದೇವರಮನೆಗೆ ಹೋಗುವ ದಾರಿಯಲ್ಲಿ. ಕೂಸು ಮಗುಚಿಕೊಂಡದ್ದನ್ನು ಅವಳು ಫೋನಿನಲ್ಲೇ ನೋಡಿದಳು.

ನನ್ನ ಅಂಗಡಿಯ ಗೋಡೆಗೆ ಅಂಟಿದ ಗ್ಯಾರೇಜು ಒಬ್ಬ ಸಾಹೇಬರದ್ದು. ಅದರ ಹಿಂದೆಯೇ ಅವರ ಮನೆ. ಅವರ ಹೆಂಡತಿಯನ್ನು ನಾನು ಆಪಾ ಎನ್ನುತ್ತೇನೆ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ಎಲ್ಲವನ್ನೂ ಆಪಾನ ಮುಂದೆ ಹೇಳಿ ಅತ್ತೆ. ಬೆನ್ನುನೋವು ಎನ್ನದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಅದೇ ಮೊದಲು. ಆಪಾ ದುಪಟ್ಟಾ ಸರಿಮಾಡಿಕೊಂಡರು.

“ನಂಗೆ ಒಂಬತ್ತು ವರ್ಷದಿಂದ ರಿಂಗಿದೆ,” ಎಂದರು. “ಮೂರು ತಿಂಗ್ಳಿಗೊಂದ್ಸಲ ಹೋಗಿ ತೊಳೆಸ್ಕೊಂಡು ಬರ್ತೀನಿ. ಆರಾಮಾಗಿದೀನಿ.”

“ಒಂಬತ್ತು ವರ್ಷ ಒಂದೇ ಗೋಡೆ ಆಪಾ. ಒಂದು ಮಾತು ಹೇಳ್ಬಾರ್ದಾಗಿತ್ತ?”

“ನೀವು ಕೇಳ್ಳಿಲ್ಲ. ಕೇಳ್ದೆ ಯಾರು ಹೇಳ್ತಾರಮ್ಮ ಇದನ್ನ? ಲಂಗ ಕೊಡುವಾಗ ಕಪ್ಪೇ ಬೇಕಾ ಅಂತ ಕೇಳಿದ್ರಿ, ಯಾಕೆ ಅಂತ ಕೇಳ್ಳಿಲ್ಲ.”

ಆಪಾ ಮೊದಲೇ ಒಂದು ಮಾತು ಹೇಳಿದ್ದರೆ ರಿಂಗನ್ನು ನಾನು ಬಾಡಿಗೆ ಮನೆ ಎನ್ನುತ್ತಿರಲಿಲ್ಲ. ಅಕ್ಕ ರಿಂಗು ಹಾಕಿಕೊಂಡೇ ಬಾಣಂತನ ಮುಗಿಸಿ, ಮಾರ್ಚಿನಲ್ಲಿ ಆಪರೇಷನ್ ಆಗಿ, ಮಳೆಗಾಲವಿಡೀ ಕೂತು ಸುಧಾರಿಸಿಕೊಳ್ಳುತ್ತಿದ್ದಳೋ ಏನೋ.

ಕಳೆದ ತಿಂಗಳು ಅಕ್ಕನ ಮಗಳು ಕೂಸಿಗೆ ಬಟ್ಟೆ ತೆಗೆಯಲು ಬಂದಿದ್ದಳು. ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಸಾಮಾನಿನ ಚೀಲ. ಸೀನಿದಳು. ಸೀನುವಾಗ ಎರಡು ಕಾಲನ್ನೂ ಒತ್ತಿ ಹಿಡಿದು ನಿಂತಳು. ಆ ನಿಲುವು ನನಗೆ ಚೆನ್ನಾಗಿ ಗೊತ್ತು.

“ನಿಂಗೂ ಆಗುತ್ತಾ?”

“ಎಂಥದು ಚಿಕ್ಕಮ್ಮ? ಅದಾ? ಸ್ವಲ್ಪ. ಹೆತ್ತ ಮೇಲೆ ಎಲ್ರಿಗೂ ಆಗುತ್ತಲ್ಲ.”

ಇಪ್ಪತ್ತಾರು ವರ್ಷ ಅವಳಿಗೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಶಟರು ಅರ್ಧ ಎಳೆದು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅವಳು ನಕ್ಕಳು, ನಾಚಿದಳು, ಕೂಸಿನ ಟೋಪಿ ಸರಿಮಾಡಿದಳು. ಎಷ್ಟನ್ನು ಕಿವಿಗೆ ಹಾಕಿಕೊಂಡಳೋ ಗೊತ್ತಿಲ್ಲ. ಅವಳಮ್ಮನ ಮುಂದೆ ಸೋತಿದ್ದೇನೆ, ಅವಳ ಮುಂದೆಯೂ ಸೋಲುತ್ತೇನೇನೋ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ಕೆಮ್ಮಿದಾಗ ಹನಿ ಹೋಗುವುದು, ಕೆಳಗೆ ಏನೋ ಭಾರ ಇಳಿದ ಹಾಗಾಗುವುದು, ಕೂತರೆ ಉಂಡೆಯ ಮೇಲೆ ಕೂತ ಹಾಗಾಗುವುದು ತುಂಬ ಜನಕ್ಕೆ ಇದೆ. ತುಂಬ ಜನಕ್ಕೆ ಇದೆ ಎಂದ ಮಾತ್ರಕ್ಕೆ ಅದು ಹಾಗೇ ಇರಬೇಕು ಎಂದಲ್ಲ. ಡಾಕ್ಟರ ಹತ್ತಿರ ಬೆನ್ನುನೋವು ಎನ್ನಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಕೊಡಿ, ನನ್ನದನ್ನು ತೋರಿಸಲು ಹೋದಾಗ ನಾನು ಹಾಗೇ ಮಾಡಿದೆ. ಶುರುವಿನಲ್ಲೇ ಹೋದರೆ ವ್ಯಾಯಾಮದಲ್ಲೇ ಎಷ್ಟೋ ಹಿಡಿತಕ್ಕೆ ಬರುತ್ತದೆ: ಒಂದಕ್ಕೆ ಬಂದದ್ದನ್ನು ತಡೆಯುವ ಹಾಗೆ ಒಳಗೆ ಬಿಗಿ ಹಿಡಿದು, ಐದು ಎಣಿಸಿ, ಪೂರ್ತಿ ಸಡಿಲ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಹೊಟ್ಟೆ ಬಿಗಿಯಬಾರದು, ಮೂತ್ರ ಮಾಡುವಾಗ ಮಾಡಬಾರದು. ಸರಿಯಾಗಿ ಮಾಡುತ್ತಿದ್ದೀರೋ ಎಂದು ಒಮ್ಮೆ ಡಾಕ್ಟರ ಹತ್ತಿರವೋ ನರ್ಸಿನ ಹತ್ತಿರವೋ ಕೇಳಿ. ಮೂರು ತಿಂಗಳು ಬಿಡದೆ ಮಾಡಿದ ಮೇಲೆ ನನ್ನ ಸೀನು ಈಗ ಬರೀ ಸೀನು. ಪೂರ್ತಿ ಜಾರಿದ್ದನ್ನು ಅದು ಮೇಲೆ ಎತ್ತುವುದಿಲ್ಲ, ಆ ಆಸೆಯಲ್ಲಿ ಕೂರಬೇಡಿ. ನೀರು ಕುಡಿಯುವುದನ್ನು ಬಿಡಬೇಡಿ, ಬಿಟ್ಟರೆ ಉರಿಮೂತ್ರ, ಮಲಬದ್ಧತೆ ಎರಡೂ ಹಿಂದೆ ಬರುತ್ತವೆ, ಕಕ್ಕಸಿನಲ್ಲಿ ತಿಣುಕಿದರೆ ಇನ್ನಷ್ಟು ಇಳಿಯುತ್ತದೆ. ಹಳೆ ಕೆಮ್ಮಿದ್ದರೆ ಮೊದಲು ಅದಕ್ಕೆ ಔಷಧಿ ಮಾಡಿ. ರಕ್ತ ಕಂಡರೆ, ವಾಸನೆಯ ಸ್ರಾವ ಇದ್ದರೆ, ಹೊರಬಂದದ್ದು ಹುಣ್ಣಾದರೆ, ಮೂತ್ರ ಕಟ್ಟಿಕೊಂಡರೆ ಅಂದೇ ಹೊರಡಿ.

ಆಪರೇಷನ್ ಎಂದರೆ ತಕ್ಷಣ ಹೂಂ ಎನ್ನಬೇಡಿ, ಬೇಡವೆಂದು ಓಡಿಬರಲೂ ಬೇಡಿ. ರಿಂಗು ಆಗುತ್ತದೆಯೇ, ತೆಗೆದ ಮೇಲೆ ಆ ಜಾಗವನ್ನು ಮೇಲಕ್ಕೆ ಎತ್ತಿ ಕಟ್ಟುತ್ತೀರಾ, ಮತ್ತೆ ಜಾರಿದರೆ ಏನು ಮಾಡುತ್ತೀರಿ, ಈ ಮೂರನ್ನು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲೂ ವಿಚಾರಿಸಿ. ದುಡ್ಡಿನಲ್ಲಿ ಎಷ್ಟು ಬೇಕಾದರೂ ಎಳೆದಾಡಿ, ಅದು ನಿಮ್ಮ ಹಕ್ಕು. ದಿನಗಳಲ್ಲಿ ಒಂದು ದಿನವನ್ನೂ ಇಳಿಸಬೇಡಿ. ಅಷ್ಟು ದಿನ ಮನೆಯಲ್ಲಿ ನೀರು ಹೊರುವವರು ಯಾರು ಎಂದು ಹೆಸರು ಹಿಡಿದು ಗೊತ್ತುಮಾಡಿಕೊಳ್ಳಿ, ಗಂಡಸರಿಗೂ ಬಾಯಿ ಬಿಟ್ಟು ಹೇಳಿ. ಕೊಯ್ಲಿನ ತಿಂಗಳಾಗಿದ್ದು ಯಾರೂ ಸಿಗದಿದ್ದರೆ, ರಿಂಗು ಹಾಕಿಸಿಕೊಂಡು ಮನೆಗೆ ಬನ್ನಿ, ಆಪರೇಷನ್ನನ್ನು ಕೊಯ್ಲು ಮುಗಿದ ಮೇಲಕ್ಕೆ ಹಾಕಿಸಿಕೊಳ್ಳಿ.